ನಡು ಬೋಲ್ಟು

“ಏ ಹುಲಿಗೀ, ತೆಗಿ ಕೈ! ತುಕ್ಕು ಒರಸಬ್ಯಾಡಂತ ಎಷ್ಟ್ ಸಲ ಬಡ್ಕೋಬೇಕು ನಿನ್ ಮುಂದ? ಬೋಸುಡಿ, ಆ ತುಕ್ಕಿಗೇ ರೊಕ್ಕ ಕೊಟ್ಟಾರ ಅವ್ರು. ನಿನ್ನ ಮಾರಿ ನೋಡಿ ಕೊಟ್ಟಿಲ್ಲ!”

ಕೂಲಿಯಾಳುಗಳ ಮುಕಾದಮ ಶಿವಪುತ್ರಪ್ಪನ ಕೂಗಿಗೆ ಹುಲಿಗೆವ್ವ ಬೆಚ್ಚಿ, ಕೈಯಲ್ಲಿದ್ದ ಗೋಣಿ ಚಿಂದಿಯನ್ನು ಹಿಂದಕ್ಕೆ ಎಳೆದುಕೊಂಡಳು. ಹನ್ನೊಂದು ವರ್ಷದಿಂದ ಪುಣೆಯಲ್ಲಿ ಗಾರೆ, ಇಟ್ಟಿಗೆ ಹೊತ್ತವಳು. ಕೆಲಸ ಮುಗಿದ ಕಟ್ಟಡವನ್ನು ತೊಳೆದು, ಒರೆಸಿ, ಮುಖ ಕಾಣುವಂತೆ ಮಾಡಿಕೊಟ್ಟು ಹೊರಬೀಳುವುದು ಅವಳ ರೂಢಿ. ಎಲ್ಲ ಕಡೆ ಕೊಳೆ ಬಿಟ್ಟದ್ದಕ್ಕೆ ಬೈಗುಳ ತಿಂದವಳು ಇಲ್ಲಿ ಕೊಳೆ ತೆಗೆದದ್ದಕ್ಕೆ ತಿನ್ನುತ್ತಿದ್ದಳು. ಗೋಡೆಗೆ ಆನಿಸಿಟ್ಟ ತಗಡಿನ ಮೇಲೆ ಅವಳು ಒರೆಸಿದ್ದ ಜಾಗ ಅಂಗೈಯಗಲ ಬೆಳ್ಳಗೆ ಹೊಳೆಯುತ್ತಿತ್ತು. ಶಿವಪುತ್ರಪ್ಪ ಬಂದು ಅದರ ಮೇಲೆ ಉಪ್ಪುನೀರು ಚಿಮುಕಿಸಿದ, ಬೇಗ ತುಕ್ಕು ಹಿಡಿಯಲಿ ಅಂತ.

ಪುಣೆಯ ಕೊಂಢವಾ ಬಡಾವಣೆಯ ದೊಡ್ಡ ರಸ್ತೆಯ ಮೇಲೆ, ಗಾಜಿನ ಕಟ್ಟಡವೊಂದರ ನೆಲಮಹಡಿಯಲ್ಲಿ ಆ ಬಾರು ತಯಾರಾಗುತ್ತಿತ್ತು. ಅಂತಿಂಥ ಬಾರಲ್ಲ, ಹಣ್ಣಿನ ರಸ, ಸೊಪ್ಪು, ಐಸು ಬೆರೆಸಿ ಬಣ್ಣಬಣ್ಣದ ಕಾಕ್‌ಟೇಲ್ ಕೊಡುವಂಥದ್ದು. ಹೆಸರು ‘ನಾಕಾ’. ಬೆಳಗಾದರೆ ಕೂಲಿಯವರು ಬುಟ್ಟಿ ಸಲಿಕೆ ಹಿಡಿದು, ಯಾರಾದರೂ ಕರೆದಾರೆಂದು ಕಾಯುತ್ತ ನಿಲ್ಲುವ ಮೂಲೆಗೆ ಪುಣೆಯಲ್ಲಿ ಲೇಬರ್ ನಾಕಾ ಅನ್ನುತ್ತಾರಲ್ಲ, ಅದೇ ನಾಕಾ. ಒಳಗೆ ಬಂದವರಿಗೆ ಕೂಲಿಯವರ ಕ್ಯಾಂಪಿನಲ್ಲೇ ಕೂತು ಕುಡಿದಂತೆ ಅನ್ನಿಸಬೇಕಂತೆ. ಬಣ್ಣದ ಡಬ್ಬಿಗಳೇ ಕುರ್ಚಿ, ಸೆಂಟ್ರಿಂಗ್ ಹಲಗೆಗಳೇ ಮೇಜು, ಗೌಂಡಿಗಳು ಹತ್ತಿ ನಿಲ್ಲುವ ಪೈಪುಗಳನ್ನೇ ಜೋಡಿಸಿ ಬಾಟಲಿ ಇಡಲು ಅಟ್ಟ. ಐಸ್ ತರುವುದು ಗಾರೆ ಹೊರುವ ಕಬ್ಬಿಣದ ಬುಟ್ಟಿಯಲ್ಲಿ.

ಗೋಡೆಗೆ ಮಾತ್ರ ಹೊಸ ತಗಡು ಬೇಡ, ಹತ್ತು ಮಳೆ ಕಂಡದ್ದೇ ಬೇಕು ಎಂದಿದ್ದರು. ಅಂಥ ತಗಡಿಗಾಗಿ ಶಿವಪುತ್ರಪ್ಪ ದೂರ ಹೋಗಲಿಲ್ಲ. ಸೋಮವಾರ ತನ್ನದೇ ಕ್ಯಾಂಪಿಗೆ ಟೆಂಪೊ ತಂದು, ಹೊಸ ತಗಡು ಕೊಡುತ್ತೇನೆಂದು ಹೇಳಿ, ಇಪ್ಪತ್ತೆರಡು ಮನೆಗಳ ಗೋಡೆ ಬಿಚ್ಚಿಕೊಂಡು ಹೋಗಿದ್ದ. ಬದಲಿಗೆ ಬಂದದ್ದು ನೀಲಿ ಪ್ಲಾಸ್ಟಿಕ್ ಹಾಳೆ. ಅದರ ಬೆನ್ನಿಗೇ ಮಿರಗದ, ಅಂದರೆ ಮೃಗಶಿರೆಯ, ಮಳೆಯೂ ಬಂತು.

“ಶಿವಪುತ್ರಪ್ಪನವ್ರೇ, ಪ್ಲೀಸ್, ಬೈಬೇಡಿ ಅವ್ರನ್ನ.”

ಬಾರಿನ ಒಳಾಂಗಣ ಹೇಗಿರಬೇಕೆಂದು ಬರೆದುಕೊಟ್ಟವಳು ಇಂಪನಾ. ಬೆಂಗಳೂರಿನ ಕಡೆಯ ಹುಡುಗಿ, ಇನ್ನೂ ಮೂವತ್ತಾಗಿರಲಿಲ್ಲ. ಮೊಣಕಾಲಿಗೆ ಸಿಮೆಂಟು ಮೆತ್ತಿಕೊಂಡೇ ತಿರುಗುತ್ತಿದ್ದಳು, ಹೆಣ್ಣಾಳುಗಳ ಜೊತೆ ನೆಲದ ಮೇಲೆ ಕೂತು ಚಹಾ ಕುಡಿಯುತ್ತಿದ್ದಳು.

“ಅಮ್ಮ, ಈ ರಸ್ಟ್ ಇದೆಯಲ್ಲ, ಅದೇ ಬ್ಯೂಟಿ ನಮ್ಗೆ. ಇದನ್ನ ಮಾಡಕ್ಕಾಗಲ್ಲ, ಅದಾಗೇ ಆಗ್ಬೇಕು. ಹಾಗೇ ಬಿಟ್ಬಿಡಿ, ಆಯ್ತಾ?”

“ಆತ್ರಿ ಬಾಯಾರ.”

ಈ ಊರಿಗೆ ಬಂದ ಮೇಲೆ ಹುಲಿಗೆವ್ವನನ್ನು ‘ಅಮ್ಮ’ ಎಂದು ಕರೆದ ಮೊದಲ ದೊಡ್ಡವರು ಇವರೇ. ಆ ಕರೆಗೆ ಪ್ರತಿಸಲವೂ ಅವಳ ಕೈಯ ಕೆಲಸ ಒಂದು ಚಣ ನಿಲ್ಲುತ್ತಿತ್ತು. ಇಂಪನಾಳಿಗೆ ಇವರ ಮಾತೆಂದರೆ ಬಲು ಇಷ್ಟ. ಒಮ್ಮೆ ತಡವಾಗಿ ಬಂದ ಜೊತೆಯಾಳು ತಾಯಮ್ಮನಿಗೆ ಶಿವಪುತ್ರಪ್ಪ “ಇವತ್ತ ನಿಂದು ಅರ್ಧ ಹಾಜರಿ” ಅಂದದ್ದನ್ನು ಕೇಳಿ, ಅರ್ಧ ದಿನದ ಕೂಲಿಯೆಂದು ಅರ್ಥ ಬಿಡಿಸಿಕೊಂಡು, ಫೋನಿನಲ್ಲಿ ಬರೆದುಕೊಂಡಿದ್ದಳು. ಸಣ್ಣ ಗ್ಲಾಸಿನ ಕಾಕ್‌ಟೇಲಿಗೆ ಈಗ ಅದೇ ಹೆಸರು.

ಹುಲಿಗೆವ್ವ ಮತ್ತು ತಾಯಮ್ಮ ಮುಂದಿನ ತಗಡು ಎತ್ತಿದರು. ಒಂದಾದ ಮೇಲೊಂದು, ಗೋಡೆಯ ಹತ್ತಿರ ಒಯ್ದು ತಿರುಗಿಸಿ ನಿಲ್ಲಿಸಬೇಕು. ಎಂಟೋ ಒಂಬತ್ತೋ ಆದ ಮೇಲೆ ಒಂದನ್ನು ತಿರುಗಿಸಿದ್ದೇ ಹುಲಿಗೆವ್ವನ ಕೈ ನಿಂತುಬಿಟ್ಟಿತು.

“ಹಿಡಿಯೇ ಯವ್ವಾ, ನನ್ ಕಾಲ್ಮ್ಯಾಲೆ ಬಿದ್ದೀತು” ಎಂದಳು ತಾಯಮ್ಮ. ಆಮೇಲೆ ಅವಳೂ ನೋಡಿದಳು.

ತಗಡಿನ ಮೇಲೆ ಮೊಳೆಯಿಂದ ಗೀರಿದ ಏಳು ಗೆರೆಗಳಿದ್ದವು.

*

ಹುಲಿಗೆವ್ವನ ಮಗಳು ನೀತಾ ಹುಟ್ಟಿದ್ದು ಈ ತಗಡಿನ ಮಗ್ಗುಲಲ್ಲೇ. ದವಾಖಾನೆಗೆ ಹೋಗುವಷ್ಟು ಹೊತ್ತು ಕೊಡದೆ ಬಂದವಳು. ದವಾಖಾನೆಯ ಚೀಟಿ ಇಲ್ಲವೆಂದು ಹುಟ್ಟಿದ ದಾಖಲೆ ಆಗಲಿಲ್ಲ, ಹುಟ್ಟಿದ ದಾಖಲೆ ಇಲ್ಲವೆಂದು ಆಧಾರ್ ಆಗಲಿಲ್ಲ, ಆಧಾರ್ ಇಲ್ಲವೆಂದು ಶಾಲೆಯವರು ಆಮೇಲೆ ಬನ್ನಿ ಎಂದರು. ವರ್ಷಕ್ಕೊಮ್ಮೆ ನಾಗರಪಂಚಮಿಯ ದಿನ ತಲೆಗೆ ಎಣ್ಣೆ ಹಚ್ಚಿ ಎರೆದು, ಹುಲಿಗೆವ್ವ ಮಗಳನ್ನು ತಗಡಿಗೆ ಆನಿಸಿ ನಿಲ್ಲಿಸುತ್ತಿದ್ದಳು. ನೆತ್ತಿಯ ಮೇಲೆ ಅಂಗೈ ಇಟ್ಟು, ಅಂಗೈಯ ಕೆಳಗೆ ಮೊಳೆಯಿಂದ ಗೀರುತ್ತಿದ್ದಳು. ಅಂಥ ಆರು ಗೆರೆ. ಮಗಳು ಬೆಳೆದದ್ದಕ್ಕೆ ಹಿಗ್ಗು ಒಂದು ಕಡೆ, ಹೆದರಿಕೆ ಒಂದು ಕಡೆ. ಏಕೆಂದರೆ ಮೇಲೆ ಬೋಲ್ಟು ಇತ್ತು.

ಕ್ಯಾಂಪಿನ ಪ್ರತಿಯೊಂದು ತಗಡಿಗೂ ಆಚೆ ಬದಿಗೆ ಮೇಲಿಂದ ಕೆಳಗೆ ಮೂರು, ಈಚೆ ಬದಿಗೆ ಮೂರು ಬೋಲ್ಟು. ಶಿವಪುತ್ರಪ್ಪನಿಗೆ ಮಕ್ಕಳ ವಯಸ್ಸು ಕೇಳುವ ಉಸಾಬರಿ ಬೇಕಿರಲಿಲ್ಲ. ತಲೆ ನಡು ಬೋಲ್ಟಿಗೆ ತಾಕಿತೆಂದರೆ ಆ ಮಗು ಕೆಲಸಕ್ಕೆ ಬಂತು, ಅರ್ಧ ಹಾಜರಿ. ತಾಕಲಿಲ್ಲವೆಂದರೆ ಇನ್ನೊಂದು ವರ್ಷ ಆಟ. ವರ್ಷಕ್ಕೆರಡು ಸಲ ತಾನೇ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡುತ್ತಿದ್ದ.

ಏಳನೆಯ ಗೆರೆ ಪಂಚಮಿಯದಲ್ಲ. ಅದು ಹೋದ ದಸರೆಯ ಹೊತ್ತಿನದು, ಮುಕಾದಮ ಎದುರಿಗೆ ನಿಂತು ಹಾಕಿಸಿದ್ದು. ಆಗ ಅವಳ ಗಂಡ ಮಾಂತು ಕಟ್ಟಡದ ಪೈಪಿನ ಅಟ್ಟದಿಂದ ಬಿದ್ದು ಕಾಲು ಮುರಿದುಕೊಂಡು ಎರಡು ತಿಂಗಳಾಗಿತ್ತು. ಮನೆಯಲ್ಲಿ ಒಂದೇ ಹೊತ್ತು ಒಲೆ ಹೊತ್ತುತ್ತಿತ್ತು. ನೀತಾ ತಗಡಿಗೆ ಬೆನ್ನು ಹಚ್ಚಿ ನಿಂತಳು. ಅವ್ವನ ಜೊತೆ ಕೆಲಸಕ್ಕೆ ಹೋದರೆ ದಿನವಿಡೀ ಅವ್ವನ ಹತ್ತಿರವೇ ಇರಬಹುದು, ಬಳೆ ಕೊಳ್ಳಬಹುದು, ಅಪ್ಪನಿಗೆ ಗುಳಿಗೆ ತರಬಹುದು ಎಂದು ಎಂಟು ವರ್ಷದ ತಲೆಯಲ್ಲಿ ಏನೇನಿತ್ತೋ. ಲಂಗದ ಕೆಳಗೆ ಅವಳ ಹಿಮ್ಮಡಿಗಳು ನೆಲ ಬಿಟ್ಟು ಎರಡು ಬೆರಳು ಮೇಲೆದ್ದಿದ್ದವು.

ಹುಲಿಗೆವ್ವ ನೋಡಿದಳು. ನೋಡಿ, ಬಾಯಿ ಬಿಡಲಿಲ್ಲ. ಅಂಗೈ ಇಟ್ಟು ಗೆರೆ ಎಳೆದಳು. ಗೆರೆ ಬೋಲ್ಟಿಗೆ ತಾಕಿತು.

ನಾಲ್ಕು ದಿನ ಎರಡೆರಡು ಇಟ್ಟಿಗೆ ಹೊತ್ತಳು ನೀತಾ. ಐದನೆಯ ದಿನ ಆರನೇ ಮಹಡಿಯಲ್ಲಿ, ಲಿಫ್ಟಿಗೆಂದು ಬಿಟ್ಟಿದ್ದ ಬಾಯ್ದೆರೆದ ಕಿಂಡಿಗೆ ಯಾರೂ ಅಡ್ಡ ಹಲಗೆ ಕಟ್ಟಿರಲಿಲ್ಲ. ಇಟ್ಟಿಗೆ ಬಿದ್ದ ಸದ್ದು ಮೊದಲು ಕೇಳಿಸಿತೆಂದು ತಾಯಮ್ಮ ಈಗಲೂ ಹೇಳುತ್ತಾಳೆ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಗಾಡಿ ಬಂತು, ಬಟ್ಟೆ ಸುತ್ತಿದರು, ಊರಿಗೆ ಕಳಿಸಿದರು. ಹಾಸಿಗೆಯಲ್ಲಿ ಬಿದ್ದಿದ್ದ ಮಾಂತುನ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿಸಿಕೊಂಡರು. ಮಗು ಊರಿನಲ್ಲಿ ಜ್ವರ ಬಂದು ತೀರಿಕೊಂಡಿತೆಂದೂ, ಪುಣೆಯ ಯಾವ ಸೈಟಿಗೂ ಎಂದೂ ಬಂದೇ ಇರಲಿಲ್ಲವೆಂದೂ ಅದರಲ್ಲಿ ಬರೆದಿತ್ತಂತೆ. ಪೊಲೀಸರು ನೋಡಬೇಕಂತೆ ಎಂದು ಶಿವಪುತ್ರಪ್ಪ ಮಾಂತುನ ಫೋನು ಒಯ್ದ. ವಾಪಸು ಬಂದಾಗ ಫೋನು ಹೊಸದರಂತೆ ಖಾಲಿಯಾಗಿತ್ತು, ಒಂದು ಪಟವೂ ಇರಲಿಲ್ಲ. ನೀತಾ ಎಂಬ ಹುಡುಗಿ ಇದ್ದಳು ಎನ್ನುವುದಕ್ಕೆ ಈ ಭೂಮಿಯ ಮೇಲೆ ಉಳಿದದ್ದು ಈ ತಗಡೊಂದೇ.

ಸೋಮವಾರ ಟೆಂಪೊ ಬಂದಾಗ ಹುಲಿಗೆವ್ವ ಸಂತೆಗೆ ಹೋಗಿದ್ದಳು. ಮಾಂತು ಕೋಲೂರಿ ಬಾಗಿಲಿಗೆ ಬರುವಷ್ಟರಲ್ಲಿ ಟೆಂಪೊ ತಿರುವು ದಾಟಿತ್ತು.

*

“ಯಪ್ಪಾ, ಇದೊಂದ್ ತಗಡ ಕೊಡ್ರಿ ನನಗ. ಇದರ ಬದಲಿ ಎಲ್ಲಿದರ ಹಳೇದ ಹುಡುಕಿ ನಾನ ತಂದ ಕೊಡತೇನಿ. ನಿಮ್ಮ ಕಾಲ ಬೀಳತೇನಿ.”

“ಯಾಕ?” ಎಂದ ಮುಕಾದಮ.

“ಯಾಕಂತ ನಿಮಗ ಗೊತ್ತದ.”

ಶಿವಪುತ್ರಪ್ಪ ತಗಡಿನತ್ತ ನೋಡಿದ. ಅವನಿಗೂ ನೆನಪಿತ್ತು. ಮುಖ ಕಪ್ಪಿಟ್ಟಿತು.

“ನನಗೇನೂ ಗೊತ್ತಿಲ್ಲ. ಹುಚ್ಚ ಹಿಡದದೇನ ನಿನಗ? ಕುಂಟನ್ನ ಕಟ್ಗೊಂಡು ಕ್ಯಾಂಪಿನ್ಯಾಗ ಪುಕ್ಕಟೆ ಬಿದ್ದೀರಿ, ಇದ್ದಲ್ಲೇ ಇರು. ಬಾಯಿ ಬಿಟ್ಟಿಯಂದ್ರ ಇಬ್ರನ್ನೂ ಇವತ್ತ ಸಂಜೀಕ ಎತ್ತಿ ಒಗೀತೇನಿ, ಹೊಲ್ಯಾ ರಂಡೀನ್ನ ತಂದು.”

“ಏನಾಯ್ತು?” ಎನ್ನುತ್ತ ಇಂಪನಾ ಬಂದಳು.

ಹುಲಿಗೆವ್ವನಿಗೆ ಧೈರ್ಯ ಬಂತು. ಇವಳೂ ಹೆಣ್ಣು. ಇವಳು ಅಮ್ಮ ಅಂದವಳು.

“ಬಾಯಾರ, ಇದು ನನ್ನ ಮನೀ ತಗಡ್ರಿ. ಇದರ ಮ್ಯಾಲೆ ನನ್ನ ಮಗಳ್ದು ಗೆರಿ ಅದಾವು. ಆಕಿ ಎತ್ತರದ್ದು. ನನಗ ಕೊಟ್ಟಬಿಡ್ರಿ.”

ಇಂಪನಾ ಬಗ್ಗಿ, ಬೆರಳಿನಿಂದ ಒಂದೊಂದೇ ಗೆರೆ ಮುಟ್ಟಿದಳು. ಮುಖ ಅರಳಿತು.

“ಅಯ್ಯೋ ದೇವ್ರೇ! ಇದು ಗ್ರೋತ್ ಚಾರ್ಟು! ನಮ್ಮಮ್ಮನೂ ಹಿಂಗೇ ಬಾಗ್ಲಲ್ಲಿ ಹಾಕ್ತಿದ್ರು ನಂಗೆ. ಅಮ್ಮ, ಇದಕ್ಕಿಂತ ಚೆನ್ನಾಗಿರೋದು ಈ ಇಡೀ ಜಾಗದಲ್ಲಿ ಇನ್ನೊಂದಿಲ್ಲ. ಇದನ್ನ ಎಂಟ್ರೆನ್ಸ್ ಎದುರಿಗೇ ಹಾಕೋಣ, ಮೇಲೊಂದು ಲೈಟ್ ಬಿಟ್ಟು. ನಿಮ್ಗೆ ಹೊಸ ಶೀಟ್ ನಾನೇ ಕೊಡಿಸ್ತೀನಿ, ಪ್ರಾಮಿಸ್. ಎಲ್ಲಿದಾಳೆ ಈಗ ಮಗ್ಳು?”

ಹುಲಿಗೆವ್ವ ಬಾಯಿ ತೆರೆದಳು.

“ಊರಾಗ ಅದಾಳ್ರಿ ಮೇಡಂ” ಎಂದ ಶಿವಪುತ್ರಪ್ಪ. “ಅಜ್ಜಿ ಕೂಡ. ಸಾಲಿಗೆ ಹೊಂಟಾಳ. ಶಾಣ್ಯಾಕಿ.”

ಅವನ ಕಣ್ಣು ಹುಲಿಗೆವ್ವನ ಮೇಲೆ ನೆಟ್ಟಿತ್ತು. ಪ್ಲಾಸ್ಟಿಕ್ ಹಾಳೆಯ ಕೆಳಗೆ ಕಾಲು ಚಾಚಿ ಮಲಗಿದ ಮಾಂತು ಅವಳ ಕಣ್ಣಿಗೆ ಬಂದ. ಈ ಮಳೆಯಲ್ಲಿ ಅವನನ್ನು ಎಲ್ಲಿಗೆ ಹೊತ್ತೊಯ್ಯಬೇಕು? 

“ಹೌದ್ರಿ” ಎಂದಳು.

“ಹಂಗಾದ್ರೆ ಇದು ಯಾಕೆ ಇಲ್ಲಿಗೇ ನಿಂತಿದೆ? ಅರ್ಧಕ್ಕೇ ಬಿಟ್ಟಂಗಿದೆ.” ಇಂಪನಾ ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದಳು. “ಅಮ್ಮ, ಒಂದು ಕೆಲ್ಸ ಮಾಡಿ. ಮೇಲೂ ಹಾಕಿ. ಇನ್ನೂ ಒಂದಷ್ಟು, ದೊಡ್ಡೋಳಾಗೋ ತನಕ. ನಿಮ್ಮ ಕೈಯಿಂದ್ಲೇ ಆಗ್ಬೇಕು, ನಮ್ ಆರ್ಟಿಸ್ಟ್ ಹಾಕಿದ್ರೆ ಸುಳ್ಳು ಅನ್ಸತ್ತೆ.”

ಶಿವಪುತ್ರಪ್ಪ ನೆಲದಿಂದ ಒಂದು ಮೊಳೆ ಆರಿಸಿ ಅವಳ ಕೈಗೆ ಕೊಟ್ಟ. “ಹಾಕು.”

ಹುಲಿಗೆವ್ವ ತಗಡಿನೆದುರು ನಿಂತಳು. ಒಂಬತ್ತು ವರ್ಷಕ್ಕೆ ನೀತಾ ಎಷ್ಟಾಗುತ್ತಿದ್ದಳು? ತನ್ನ ಎದೆಯ ಕೆಳಗೆ ಬರುತ್ತಿದ್ದಳು. ಅಲ್ಲಿ ಗೀರಿದಳು. ಹತ್ತಕ್ಕೆ ಎದೆಗೆ. ಹನ್ನೊಂದಕ್ಕೆ ಭುಜಕ್ಕೆ ಹತ್ತಿರ, ಹನ್ನೆರಡಕ್ಕೆ ಭುಜಕ್ಕೆ. ಹದಿಮೂರಕ್ಕೆ ಮೈನೆರೆದು ಅವಳ ಕಿವಿಯ ಹತ್ತಿರ ಬಾಯಿ ತಂದು ಗುಟ್ಟು ಹೇಳುವಷ್ಟು ಎತ್ತರ. ಅಲ್ಲಿಗೆ ಮೊಳೆ ಹೋಗಲಿಲ್ಲ. ತಗಡಿನ ಮೇಲೆ ಹಣೆಯಿಟ್ಟು ನಿಂತುಬಿಟ್ಟಳು. ದುಃಖ ಬಂದದ್ದನ್ನು ಮುಚ್ಚಲಿಕ್ಕೂ ಆಗಲಿಲ್ಲ.

“ಪಾಪ, ಮಿಸ್ ಮಾಡ್ಕೋತಿದಾರೆ” ಎಂದಳು ಇಂಪನಾ. ನಿಜವಾಗಿಯೂ ಅವಳ ಕಣ್ಣು ತುಂಬಿತ್ತು. ಬ್ಯಾಗಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆದುಕೊಟ್ಟಳು.

ತಗಡನ್ನು ಬಾಗಿಲಿನ ಎದುರಿಗೆ ನಿಲ್ಲಿಸಿದರು. ಕೆಳಗೆ ಹಲಗೆ ಕೊಟ್ಟು ಎತ್ತರಿಸಲು ಹೊರಟ ಬಡಗಿಯನ್ನು ಹುಲಿಗೆವ್ವ ಕೈ ಅಡ್ಡ ಹಿಡಿದು ತಡೆದಳು. “ನೆಲಕ್ಕ ಹತ್ತಿರ್ಲಿ” ಎಂದಳು. ಅದೊಂದಕ್ಕೆ ಯಾರೂ ಬೇಡ ಅನ್ನಲಿಲ್ಲ, ಹಳೆಯ ತೂತುಗಳಿಗೇ ಆರು ಬೋಲ್ಟು ಬಿಗಿದರು.

*

ಸಂಜೆ ಕ್ಯಾಂಪಿಗೆ ಬಂದಾಗ ಪ್ಲಾಸ್ಟಿಕ್ ಹಾಳೆ ನೀರು ತುಂಬಿ ಜೋತುಬಿದ್ದಿತ್ತು. ಮಾಂತು ಕೋಲಿನಿಂದ ಕೆಳಗಿನಿಂದ ತಿವಿದು ನೀರು ಚೆಲ್ಲುತ್ತಿದ್ದ. ಹಾಸಿಗೆ ಅರ್ಧ ನೆನೆದಿತ್ತು.

“ಸಿಕ್ತು” ಎಂದಳು ಹುಲಿಗೆವ್ವ.

ತಗಡೆಂದು ಅವನಿಗೆ ತಿಳಿಯಿತು. ಅವಳು ಎಲ್ಲ ಹೇಳಿದಳು. ಮೇಲೆ ತಾನು ಗೀರಿದ ನಾಲ್ಕು ಸುಳ್ಳು ಗೆರೆಗಳನ್ನೂ ಹೇಳಿದಳು. ಹೇಳುತ್ತ ಹೇಳುತ್ತ, ಎಂಟು ತಿಂಗಳಿಂದ ಹೇಳದಿದ್ದದ್ದೂ ಬಾಯಿಗೆ ಬಂತು.

“ಏಳನೇದೂ ಸುಳ್ಳ ಅದ. ಆಕಿ ಹಿಮ್ಮಡ ಎತ್ತಿದ್ಲು. ನಾ ಕಣ್ಣಾರೆ ಕಂಡು ಸುಮ್ನಿದ್ದೆ. ಒತ್ತಿ ಇಳಿಸಿದ್ರ ಮುಟ್ತಿದ್ದಿಲ್ಲ ಬೋಲ್ಟ. ಎರಡ ಬಟ್ಟ ಕಡಿಮಿ ಇದ್ಲು. ನಾನ ಕೊಂದೆ ಆಕೀನ್ನ.”

ಮಾಂತು ಕೋಲು ಕೆಳಗಿಟ್ಟ. 

“ನಾನೂ ನೋಡಿದ್ದೆ” ಎಂದ. “ಹಾಸಿಗ್ಯಾಗ ಮಲಗಿದ್ದೆನಲ್ಲ, ನನ್ನ ಕಣ್ಣ ಮುಂದ ಇದ್ದದ್ದ ಆಕಿ ಕಾಲು. ನನಗ ಗುಳಿಗಿ ಬೇಕಾಗಿತ್ತು, ಸುಮ್ನಿದ್ದೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಳೆ ಹಾಳೆಯ ಮೇಲೆ ಬಡಿಯುತ್ತಿತ್ತು. ಆಮೇಲೆ ಮಾಂತು ಅಂಡೂರಿಕೊಂಡು ಮೂಲೆಗೆ ಸರಿದು, ತನ್ನ ಹಳೆಯ ಚೀಲದೊಳಗೆ ಕೈ ಹಾಕಿ, ಬೋಲ್ಟು ಬಿಚ್ಚುವ ಪಾನಾ ತೆಗೆದ. ಕಾಲು ಮುರಿಯುವ ತನಕ ಪೈಪು ಜೋಡಿಸುವ ಫಿಟ್ಟರ್ ಆಗಿದ್ದವನು, ಆ ಪಾನಾಕ್ಕೆ ಇನ್ನೂ ಎಣ್ಣೆ ಹಚ್ಚಿಡುತ್ತಿದ್ದ.

“ಆರು ಬೋಲ್ಟ. ತಳದವು ಮೊದಲ ಬಿಚ್ಚು, ಮ್ಯಾಲಿನವು ಕಡೀಕ. ಇಲ್ಲಂದ್ರ ಮೈಮ್ಯಾಲೆ ಬರತದ. ಎಡಕ್ಕ ತಿರುವು.”

“ಒಗೀತಾನಂತ ನಮ್ಮನ್ನ. ಕ್ಯಾಂಪಿನಿಂದ.”

“ಎಲ್ಲಿಂದ ಒಗೀತಾನ? ಗ್ವಾಡೀನ ಇಲ್ಲಲ್ಲ” ಎಂದ ಮಾಂತು.

*

ಭಾನುವಾರ ಹನ್ನೊಂದಕ್ಕೆ ಬಾರು ತೆರೆಯುವ ಪೂಜೆ. ಬಾರಿನ ಮಾಲೀಕ ಸೇಠ ಹೆಂಡತಿ ಮಗಳೊಂದಿಗೆ ಬಂದ. ಬೆಳಗಿನ ಆರಕ್ಕೇ ಹುಲಿಗೆವ್ವ ಮತ್ತು ತಾಯಮ್ಮ ಹೊಸ್ತಿಲಿನಿಂದ ಕೌಂಟರಿನ ತನಕ ಸೆಗಣಿ ಸಾರಿಸಿ ಮುಗಿಸಿದ್ದರು. ಅದೂ ಇಂಪನಾಳ ಕಲ್ಪನೆಯೇ. ಆಮೇಲೆ ಇಬ್ಬರಿಗೂ ಹಸಿರು ಕಚ್ಚೆ ಸೀರೆ ಉಡಿಸಿದರು. ಪೂಜೆ ಮುಗಿದ ಮೇಲೆ ಅವರು ತಲೆಯ ಮೇಲೆ ಐಸು ತುಂಬಿದ ಬುಟ್ಟಿ, ಅದರಲ್ಲಿ ಬಾಟಲಿ ಹೊತ್ತು ಬರಬೇಕು. ಅತಿಥಿಗಳು ಅದರಿಂದಲೇ ಎತ್ತಿಕೊಳ್ಳಬೇಕು.

ಭಟ್ಟರು ಕಲಶ ಇಡುವ ಮುಂಚೆ ತಲೆಯೆತ್ತಿ ನೋಡಿದರು. ಗೋಡೆಗೆ ಒತ್ತಿ ನಿಂತ ಇಬ್ಬರನ್ನೂ ಕಂಡು, ಇವರು ಯಾರ ಪೈಕಿ ಎಂದು ಮರಾಠಿಯಲ್ಲಿ ಶಿವಪುತ್ರಪ್ಪನನ್ನು ಕೇಳಿದರು. ಅವನು ಕಿವಿಯ ಹತ್ತಿರ ಬಗ್ಗಿ ಹೇಳಿದ.

“ಏ, ನಡೀರಿ ಹೊರಗ. ಪೂಜಿ ಆಗೂತನ ಒಳಗ ಕಾಲಿಡಬ್ಯಾಡ್ರಿ” ಎಂದ ಶಿವಪುತ್ರಪ್ಪ.

“ಮುಂಜಾನೆ ಈ ನೆಲಾ ಬಳದಾಕಿ ನಾನ ಅಲ್ಲೇನ್ರಿ?” ಎಂದಳು ತಾಯಮ್ಮ.

“ಬಾಯಿ ಮುಚ್ಚಿ ನಡಿಯಬೇಕು.”

ಇಬ್ಬರೂ ಐಸಿನ ಬುಟ್ಟಿ ಎತ್ತಿಕೊಂಡು ಹೊರಗೆ ಜಿನುಗು ಮಳೆಯಲ್ಲಿ ನಿಂತರು. ಮಂತ್ರ ಕೇಳಿಸಿತು, ಗಂಟೆ ಕೇಳಿಸಿತು. ಪ್ರಸಾದದ ಪೇಡೆಯನ್ನು ಭಟ್ಟರು ಹೊಸ್ತಿಲ ಒಳಗಿನಿಂದಲೇ ಅವರ ಸೆರಗಿಗೆ ಮೇಲಿಂದ ಬಿಟ್ಟರು. ತಾಯಮ್ಮ ತನ್ನದನ್ನು ಬೀದಿನಾಯಿಗೆ ಹಾಕಿದಳು. ಹುಲಿಗೆವ್ವ ಐಸಿನ ಬುಟ್ಟಿಗೆ ಕೈ ಹಾಕಿ, ತಳದಲ್ಲಿ ತಾನು ಬಚ್ಚಿಟ್ಟ ಪಾನಾ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡಳು.

ಒಳಗೆ ಕರೆದರು. ಮೂವತ್ತು ನಲವತ್ತು ಜನ ಸೇರಿದ್ದರು. ಹಾಡು ಹಚ್ಚಿದ್ದರು. ಅತಿಥಿಗಳು ಬಣ್ಣದ ಡಬ್ಬಿಗಳ ಮೇಲೆ ಕೂತು ನಗುತ್ತಿದ್ದರು. ಕೌಂಟರಿನ ಮೇಲೆ, ಸುಣ್ಣದಲ್ಲಿ ಬರೆದಂತೆ, ಕಾಕ್‌ಟೇಲ್ ಹೆಸರುಗಳ ಸಾಲು. ಓದಲು ಬರದ ಹುಲಿಗೆವ್ವನಿಗೆ ಅದು ಬರಿಯ ಬಿಳಿ ಗೀರು. ಆದರೆ ಡಬ್ಬಿಯ ಮೇಲೆ ಕೂತಿದ್ದ ಒಬ್ಬ ಬೆರಳೆತ್ತಿ ಕೂಗಿದ್ದು ಅವಳಿಗೆ ತಿಳಿಯಿತು.

“ದೋನ್ ಅರ್ಧ ಹಾಜರಿ!”

ಎರಡು ಸಣ್ಣ ಗ್ಲಾಸು ಬಂದವು.

ತಗಡಿನೆದುರು ಗುಂಪು ಕಟ್ಟಿತ್ತು. ಮೇಲಿನ ದೀಪ ಗೆರೆಗಳ ಮೇಲೆ ಬಿದ್ದಿತ್ತು. ಇಂಪನಾ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ವಿವರಿಸುತ್ತಿದ್ದಳು. ಕೂಲಿ ಮಾಡುವ ತಾಯಿ, ಮಗಳ ಎತ್ತರ, ವರ್ಷಕ್ಕೊಂದು ಗೆರೆ, ಈಗ ಊರಿನಲ್ಲಿ ಶಾಲೆಗೆ ಹೋಗುತ್ತಾಳೆ. ಹೆಂಗಸರು “ಸೋ ಸ್ವೀಟ್” ಎಂದರು. ಒಬ್ಬಳು ಫೋಟೊ ತೆಗೆದಳು. ಸೇಠನ ಮಗಳು ಜನರ ಕಾಲುಗಳ ನಡುವಿನಿಂದ ನುಗ್ಗಿ ಬಂದು ತಗಡಿಗೆ ಬೆನ್ನು ಹಚ್ಚಿ ನಿಂತಳು. ಏಳೆಂಟು ವರ್ಷದವಳು, ಬಿಳಿ ಫ್ರಾಕು, ಎರಡು ಜಡೆ.

“ಮಾವ್ಶಿ, ಮಾಝಂ ಪಣ್!” ನನ್ನದೂ ಹಾಕು ಅಂದಳು ಹುಲಿಗೆವ್ವನತ್ತ ನೋಡಿ.

ಎಲ್ಲರೂ ನಕ್ಕರು. ಸೇಠನೂ ನಕ್ಕ. “ಹಾಕಿ ಅಮ್ಮ, ಪ್ಲೀಸ್” ಎಂದಳು ಇಂಪನಾ, ಮೊಳೆ ಕೊಡುತ್ತ. ಹತ್ತು ಫೋನುಗಳು ಮೇಲೆದ್ದವು.

ಹುಲಿಗೆವ್ವ ಬುಟ್ಟಿ ಇಳಿಸಿದಳು. ಹುಡುಗಿಯ ನೆತ್ತಿಯ ಮೇಲೆ ಅಂಗೈ ಇಟ್ಟಳು. ಕೂದಲು ಮೆತ್ತಗಿತ್ತು, ಎಣ್ಣೆಯ ಘಮ ಬಂತು. ಅಂಗೈ ಸೀದಾ ನಡು ಬೋಲ್ಟಿಗೆ ತಾಕಿತು. ಅವಳು ಕೆಳಗೆ ನೋಡಿದಳು. ಬಿಳಿ ಬೂಟಿನ ಹಿಮ್ಮಡಿಗಳು ನೆಲ ಬಿಟ್ಟು ಎರಡು ಬೆರಳು ಮೇಲೆದ್ದಿದ್ದವು.

ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಎರಡೂ ಕೈಯಿಂದ ಆ ಮಗುವಿನ ಎರಡೂ ಹಿಮ್ಮಡಿ ಹಿಡಿದು ಮೆಲ್ಲಗೆ ನೆಲಕ್ಕೆ ಒತ್ತಿದಳು.

“ಹಿಮ್ಮಡ ಇಳಸವ್ವ” ಎಂದಳು. “ನೆಲಕ್ಕ ಊರು. ಹಾಂ, ಹಂಗ.”

ಎದ್ದು, ಮತ್ತೆ ಅಂಗೈ ಇಟ್ಟು, ಗೆರೆ ಎಳೆದಳು. ಗೆರೆ ಬೋಲ್ಟಿನ ಕೆಳಗೆ ಬಿತ್ತು.

“ಮುಟ್ಟಿಲ್ಲ. ಇನ್ನೂ ಮುಟ್ಟಿಲ್ಲ ನೀನು. ಹೋಗು, ಆಡ್ಕೋ ಹೋಗು.” ಹುಡುಗಿಯನ್ನು ಅದರ ಅವ್ವನ ಕಡೆಗೆ ದೂಡಿ, ಶಿವಪುತ್ರಪ್ಪನತ್ತ ತಿರುಗಿದಳು. “ನನ್ನ ನೀತಾನೂ ಮುಟ್ಟಿದ್ದಿಲ್ಲಲೇ ಮುಕಾದಮಾ. ಎರಡ ಬಟ್ಟ ಕಡಿಮಿ ಇದ್ಲು. ನಾ ಸುಳ್ಳ ಗೆರಿ ಕೊರದೆ, ನೀ ಆಕಿ ತಲಿಮ್ಯಾಲೆ ಇಟ್ಟಂಗಿ ಇಟ್ಟಿ.”

“ಯಾ ನೀತಾ? ಯಾರದು?” ಶಿವಪುತ್ರಪ್ಪನ ದನಿ ಸೀಳಿತು. ಸೇಠನ ಕಡೆ ತಿರುಗಿ ಹಲ್ಲು ಕಿರಿದ. “ಪಾಗಲ್ ಆಹೆ ಸಾಹೇಬ, ತಲಿ ಕೆಟ್ಟಾಕಿ...”

“ಈ ನೀತಾ!”

ಹುಲಿಗೆವ್ವ ಅಂಗೈಯಿಂದ ತಗಡಿಗೆ ಹೊಡೆದಳು. ಆ ಸದ್ದಿಗೆ ಹಾಡು ಹಚ್ಚಿದ್ದವನು ಹಾಡು ನಿಲ್ಲಿಸಿದ. ಆಮೇಲೆ ಅವಳು ಮಾತಾಡಿದ್ದು ಮರಾಠಿಯಲ್ಲಿ, ಅಲ್ಲಿದ್ದವರೆಲ್ಲರಿಗೂ ತಿಳಿಯಲೆಂದು. ಈ ಬೋಲ್ಟಿಗೆ ತಲೆ ತಾಕಿದ ಮಕ್ಕಳಿಗೆ ಅರ್ಧ ಹಾಜರಿ ಎಂದಳು. ತನ್ನ ಮಗಳು ನಾಲ್ಕು ದಿನ ಅರ್ಧ ಹಾಜರಿ ದುಡಿದಳು, ಐದನೆಯ ದಿನ ಆರನೇ ಮಹಡಿಯಿಂದ ಬಿದ್ದು ಸತ್ತಳು ಎಂದಳು. ಅವಳು ಊರಿನಲ್ಲಿಲ್ಲ, ಶಾಲೆಯಲ್ಲಿಲ್ಲ, ಮೇಲಿನ ನಾಲ್ಕೂ ಗೆರೆ ಸುಳ್ಳು, ತನ್ನ ಕೈಯಿಂದ ಬರೆಸಿದ್ದು ಎಂದಳು. ಈ ತಗಡನ್ನು ಹೊತ್ತು ಪೊಲೀಸ್ ಚೌಕಿಗೆ ಹೋಗುತ್ತೇನೆ, ಅಲ್ಲಿ ನಿಲ್ಲಿಸಿ ತೋರಿಸುತ್ತೇನೆ ಎಂದಳು.

 ‘ಅರ್ಧ ಹಾಜರಿ’ ಕೂಗಿ ತರಿಸಿಕೊಂಡವನ ಕೈಯಲ್ಲಿ ಸಣ್ಣ ಗ್ಲಾಸು ಹಾಗೇ ಇತ್ತು. ಇಂಪನಾ “ಅಮ್ಮ...” ಎಂದಳು.

ಹುಲಿಗೆವ್ವ ಐಸಿನೊಳಗೆ ಕೈ ತೂರಿಸಿ ಪಾನಾ ಎಳೆದಳು. ತಳದ ಎರಡು ಬೋಲ್ಟು ಬಿಚ್ಚಿದಳು. ಎಡಕ್ಕೆ, ಮಾಂತು ಹೇಳಿದ ಹಾಗೆ. ನಡುವಿನ ಎರಡು ಬಿಚ್ಚಿದಳು. ಒಂದು ಉರುಳಿ ಸೇಠನ ಮಗಳ ಕಾಲ ಹತ್ತಿರ ಹೋಯಿತು, ಅವಳು ಅದನ್ನು ಆರಿಸಿ ಮುಷ್ಟಿಯಲ್ಲಿಟ್ಟುಕೊಂಡಳು. ತಾಯಮ್ಮ ಬಣ್ಣದ ಡಬ್ಬಿಯೊಂದನ್ನು ಕಾಲಿನಿಂದ ಸರಿಸಿ ಕೊಟ್ಟು, ಅಲ್ಲೇ ಬೆನ್ನು ಕೊಟ್ಟು ನಿಂತಳು. ಹುಲಿಗೆವ್ವ ಡಬ್ಬಿ ಹತ್ತಿ ಮೇಲಿನ ಬಲಗಡೆಯದನ್ನೂ ಬಿಚ್ಚಿದಳು. ತಗಡು ಒಂದೇ ಬೋಲ್ಟಿಗೆ ಜೋತು ಓಲಾಡಿತು.

“ಕಾಢಾ ತಿಲಾ ಬಾಹೇರ್!” ಹೊರಗೆ ಹಾಕಿ ಅವಳನ್ನು ಎಂದು ಸೇಠ ಕೂಗಿದ. ಇಬ್ಬರು ಕಾವಲುಗಾರರು ಬಾಗಿಲಿನಿಂದ ಒಳಗೆ ಬಂದರು. ಶಿವಪುತ್ರಪ್ಪ ತಾಯಮ್ಮನ ಜುಟ್ಟು ಹಿಡಿದ.

ಆರನೆಯ ಬೋಲ್ಟು ತಿರುಗಲಿಲ್ಲ. ಪಾನಾ ಹಾಕಿ ಎಡಕ್ಕೆ ಒತ್ತಿದಳು, ಮೈಭಾರ ಬಿಟ್ಟು ಒತ್ತಿದಳು. ಆಗ ಕಂಡಿತು. ಅದಕ್ಕೆ ವೆಲ್ಡಿಂಗ್ ಮಾಡಿದ್ದರು. ಹುಲಿಗೆವ್ವ ಪಾನಾ ಬಿಟ್ಟು ತಗಡಿನ ಅಂಚನ್ನೇ ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಅಂಚು ಅಂಗೈ ಸೀಳಿತು. ಯಾರೋ ಹಿಂದಿನಿಂದ ಅವಳ ಸೊಂಟಕ್ಕೆ ಕೈ ಹಾಕಿದರು.

ಅವಳು ಸೆರಗನ್ನು ಎರಡು ಸುತ್ತು ಅಂಗೈಗೆ ಸುತ್ತಿಕೊಂಡು ಮತ್ತೆ ಹಿಡಿದಳು.